ವೈಕಿಂಗ್ ಮೇಳಕ್ಕೆ ಹೋದರೆ ಕತ್ತಿ ಬಿಟ್ಟು ಹೊಲಿಗೆ ನೋಡಿ

ಯುರೋಪಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಬೇಸಿಗೆಯಲ್ಲಿ ಹೋದವರಿಗೆ ಅಲ್ಲಿ ಯಾರಾದರೂ "ಈ ಶನಿವಾರ ವೈಕಿಂಗ್ ಮೇಳ ಇದೆ, ಹೋಗಿ ಬನ್ನಿ" ಅಂದಿರುತ್ತಾರೆ. ಹೋಗುತ್ತಾರೆ. ಗುರಾಣಿ, ಕೊಡಲಿ, ಹೊಗೆ, ಗಡ್ಡ ಬಿಟ್ಟ ಗಂಡಸರು, ನಾಲ್ಕು ಫೋಟೊ, ವಾಪಸ್. "ದೊಡ್ಡವರ ಫ್ಯಾನ್ಸಿ ಡ್ರೆಸ್ಸು" ಅಂತ ಆಮೇಲೆ ಹೇಳುತ್ತಾರೆ. ಪಾಪ, ಅರ್ಧ ಮೇಳ ಅವರ ಕಣ್ಣಿಗೇ ಬಿದ್ದಿರುವುದಿಲ್ಲ. ವೈಕಿಂಗರು ಅಂದರೆ ಸಾವಿರ ವರ್ಷದ ಹಿಂದೆ ಈಗಿನ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಕಡೆಯಿಂದ ಹಡಗು ಹತ್ತಿ ಲೂಟಿಗೂ ವ್ಯಾಪಾರಕ್ಕೂ ಹೋಗುತ್ತಿದ್ದವರು. ಅವರ ಹೆಸರಿನ ಮೇಳದಲ್ಲಿ ನಿಜವಾಗಿ ಏನು ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡೆನ್ಮಾರ್ಕಿನ ಮೋಸ್ಗೋರ್ ಮೇಳವನ್ನೇ ತಗೊಳ್ಳಿ. ಓರ್ಹುಸ್ ಊರಿನ ದಕ್ಷಿಣಕ್ಕೆ, ಕಡಲ ದಂಡೆಯ ಹುಲ್ಲುಗಾವಲಿನಲ್ಲಿ, ಸಾಮಾನ್ಯವಾಗಿ ಜುಲೈ ಕೊನೆಯ ಶನಿವಾರ-ಭಾನುವಾರ ನಡೆಯುತ್ತದೆ. 1977ರಲ್ಲಿ ಶುರುವಾಯಿತು. ಯುರೋಪಿನ ಹಳೆಯ ವೈಕಿಂಗ್ ಮೇಳಗಳಲ್ಲಿ ಇದೂ ಒಂದು. ಹತ್ತಿರದಲ್ಲೇ ಮೋಸ್ಗೋರ್ ಮ್ಯೂಸಿಯಂ ಇದೆ, ಮೇಳ ನಡೆಸುವುದೂ ಅವರೇ. ಬೇರೆ ಬೇರೆ ದೇಶಗಳಿಂದ ಜನ ಡೇರೆ ಹೊತ್ತುಕೊಂಡು ಬರುತ್ತಾರೆ. ಯಾರೂ ಸಂಬಳದ ನಟರಲ್ಲ. ವಾರದ ದಿನಗಳಲ್ಲಿ ಅವರು ನರ್ಸು, ಬಡಗಿ, ಸಾಫ್ಟ್‌ವೇರ್ ಇಂಜಿನಿಯರು, ಮೇಷ್ಟ್ರು. ಶುಕ್ರವಾರ ಸಂಜೆ ಕಾರು ದೂರದಲ್ಲಿ ನಿಲ್ಲಿಸಿ, ಬಟ್ಟೆ ಬದಲಿಸಿ, ಫೋನು ಸಂದೂಕದೊಳಗೆ ಹಾಕಿಬಿಟ್ಟರೆ ಮುಗಿಯಿತು.

ಇದು ನಮ್ಮ ಬಯಲಾಟದ ಥರ ಇರುತ್ತದೆ ಅಂದುಕೊಂಡು ಹೋಗಬೇಡಿ. ಇಂಥವನು ಭೀಮ, ಇಂಥವನು ಕೌರವ ಅನ್ನುವ ಪಾತ್ರ ಇಲ್ಲ, ಪ್ರಸಂಗ ಇಲ್ಲ, ಮಾತುಗಾರಿಕೆ ಇಲ್ಲ. ಹೆಚ್ಚಿನವರು ಒಂದು ಊರು, ಒಂದು ಕಾಲ ಮಾತ್ರ ಆರಿಸಿಕೊಂಡಿರುತ್ತಾರೆ. "ನಾನು 950ರ ಸುಮಾರಿಗೆ ಬಿರ್ಕಾದಲ್ಲಿದ್ದ ವ್ಯಾಪಾರಿ" ಅಂದರೆ ಅಷ್ಟೇ (ಬಿರ್ಕಾ ಅಂದರೆ ಸ್ವೀಡನ್ನಿನಲ್ಲಿದ್ದ ವೈಕಿಂಗರ ವ್ಯಾಪಾರದ ಊರು). ಹೆಸರಿಗೆ ಇದನ್ನು ರೀಎನಾಕ್ಟ್‌ಮೆಂಟ್, ಅಂದರೆ ಹಳೆಯ ಕಾಲವನ್ನು ಮತ್ತೆ ಮಾಡಿ ತೋರಿಸುವುದು, ಅಂತಾರೆ. ಮಾಡುವುದು ಮಾತ್ರ ನಟನೆಗಿಂತ ಜಾಸ್ತಿ ವಾದ. ಆ ವಾದದ ತಿರುಳು ಒಂದೇ ಪ್ರಶ್ನೆ: "ಇದು ಎಲ್ಲಿ ಸಿಕ್ಕಿದ್ದು?" ನೀವು ಹಾಕಿಕೊಂಡ ಬೆಲ್ಟಿನ ಬಕಲ್ ಯಾವ ಗೋರಿಯಿಂದ ಬಂದಿದ್ದು, ಆ ಗೋರಿ ಯಾವ ಕಾಲದ್ದು, ಅದರಲ್ಲಿ ಮಲಗಿದ್ದವರು ಶ್ರೀಮಂತರೋ ಬಡವರೋ. ಉತ್ತರ ಗೊತ್ತಿದ್ದರೆ ನೀವು ಅವರ ಪೈಕಿ.

ಇಷ್ಟೊಂದು ಕೆದಕುವುದು ಯಾಕೆ? ಅದಕ್ಕೆ ಕಾರಣ ಇದೆ. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠದ ಮೇಲೆ ನಡೆದ ದಾಳಿಯಿಂದ 1066ರ ಸ್ಟ್ಯಾಮ್‌ಫರ್ಡ್ ಬ್ರಿಜ್ ಯುದ್ಧದವರೆಗೆ ಅಂತ ವೈಕಿಂಗ್ ಕಾಲವನ್ನು ಅಂದಾಜಾಗಿ ಹೇಳುತ್ತಾರೆ. ನಮಗೆ ಲೆಕ್ಕ ಸಿಗಬೇಕೆಂದರೆ, 865ರಲ್ಲಿ ವೈಕಿಂಗರ ದೊಡ್ಡ ಸೈನ್ಯ ಇಂಗ್ಲೆಂಡಿಗೆ ಇಳಿದಾಗ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ನಮ್ಮಲ್ಲಿ ಶಾಸನ, ಕಾವ್ಯ ಎಲ್ಲ ಇತ್ತು. ಅವರಲ್ಲಿ ರೂನ್ ಲಿಪಿ ಇತ್ತು, ಆದರೆ ಕಲ್ಲಿನ ಮೇಲೆ ನಾಲ್ಕು ಸಾಲು ಕೆತ್ತುವುದಕ್ಕಷ್ಟೇ ಹೆಚ್ಚಾಗಿ ಬಳಸಿದರು. ಅವರ ಬಗ್ಗೆ ನಾವು ಕೇಳುವ ಸಾಗಾ ಕತೆಗಳನ್ನು ಬರೆದದ್ದು ಬಹುತೇಕ 13ನೇ ಶತಮಾನದ ಐಸ್‌ಲ್ಯಾಂಡಿನಲ್ಲಿ, ಇದೆಲ್ಲ ಮುಗಿದು ತಲೆಮಾರುಗಳಾದ ಮೇಲೆ. ಹಾಗಾಗಿ ಅವರು ಏನು ಉಟ್ಟರು, ಏನು ತಿಂದರು ಅಂತ ತಿಳಿಯಬೇಕಾದರೆ ಮಣ್ಣನ್ನೇ ಕೇಳಬೇಕು.

ಮಣ್ಣು ಎಲ್ಲವನ್ನೂ ಹೇಳುವುದಿಲ್ಲ. ಮೇಳದ ಮಜಾ ಇರುವುದೇ ಅಲ್ಲಿ.

ಮೊದಲು ಕೊಂಬಿನ ಶಿರಸ್ತ್ರಾಣದ ವಿಷಯ ಮುಗಿಸಿಬಿಡೋಣ. ವೈಕಿಂಗರು ಕೊಂಬು ಹಾಕಿಕೊಂಡು ಯುದ್ಧ ಮಾಡಿದ್ದಕ್ಕೆ ಪುರಾವೆ ಇಲ್ಲ. ಡೆನ್ಮಾರ್ಕಿನ ವೆಕ್ಸೋದಲ್ಲಿ 1942ರಲ್ಲಿ ಕೊಂಬಿರುವ ಎರಡು ಕಂಚಿನ ಶಿರಸ್ತ್ರಾಣ ಸಿಕ್ಕವು ನಿಜ, ಆದರೆ ಅವು ಕ್ರಿಸ್ತಪೂರ್ವ 900ರ ಆಸುಪಾಸಿನವು. ವೈಕಿಂಗರಿಗಿಂತ ಸಾವಿರದೇಳುನೂರು ವರ್ಷ ಹಿಂದಿನವು. ಕೊಂಬಿನ ವೈಕಿಂಗನನ್ನು ಜನಪ್ರಿಯ ಮಾಡಿದ ಕೀರ್ತಿಯಲ್ಲಿ, 1876ರಲ್ಲಿ ಜರ್ಮನಿಯ ಬೈರೋಯ್ಟ್‌ನಲ್ಲಿ ವಾಗ್ನರನ ಸಂಗೀತ ನಾಟಕಕ್ಕೆ ವೇಷ ರೂಪಿಸಿದ ಕಾರ್ಲ್ ಎಮಿಲ್ ಡೋಪ್ಲರ್‌ಗೆ ದೊಡ್ಡ ಪಾಲು ಸಲ್ಲಬೇಕು. ನಿಜವಾದ ವೈಕಿಂಗ್ ಶಿರಸ್ತ್ರಾಣ ಸಿಕ್ಕಿರುವುದೇ ಬೆರಳೆಣಿಕೆಯಷ್ಟು. ಅದರಲ್ಲಿ ಪ್ರಸಿದ್ಧವಾದದ್ದು ನಾರ್ವೆಯ ಗ್ಯೆರ್ಮುಂಡ್‌ಬೂ ಎಂಬಲ್ಲಿ 1943ರಲ್ಲಿ ಚೂರುಚೂರಾಗಿ ಸಿಕ್ಕಿದ್ದು. ಗುಂಡನೆಯ ಟೋಪಿ, ಕಣ್ಣಿನ ಸುತ್ತ ಕನ್ನಡಕದಂಥ ಪಟ್ಟಿ. ಮೇಳದಲ್ಲಿ ಹತ್ತು ಜನ ಹೋರಾಟಗಾರರನ್ನು ನೋಡಿದರೆ ಮೂರ್ನಾಲ್ಕು ಜನರ ತಲೆ ಮೇಲೆ ಇದರ ನಕಲೇ ಇರುತ್ತದೆ. ಸಿಕ್ಕಿದ್ದು ಒಂದು, ಹಾಕಿಕೊಂಡವರು ನೂರಾರು! ಮೇಳದವರೇ ಇದನ್ನು ಹೇಳಿಕೊಂಡು ನಗುತ್ತಾರೆ. ಕೊಂಬಿನ ಪ್ಲಾಸ್ಟಿಕ್ ಟೋಪಿ ಕಂಡರೆ ಅದು ಪ್ರವಾಸಿಯ ಮಗುವಿನ ತಲೆ ಮೇಲೆ ಇರುತ್ತದೆ, ಡೇರೆಯೊಳಗಿನವರ ತಲೆ ಮೇಲಲ್ಲ.

ಈಗ ಹೊಲಿಗೆಗೆ ಬರೋಣ. ಮೇಳದಲ್ಲಿ ಹೆಂಗಸರ ಎದೆಯ ಮೇಲೆ, ಎರಡು ಭುಜದ ಕೆಳಗೆ, ಅಂಗೈ ಗಾತ್ರದ ಎರಡು ಕಂಚಿನ ಬ್ರೂಚ್, ಅಂದರೆ ಬಟ್ಟೆಗೆ ಸಿಕ್ಕಿಸುವ ಪಿನ್ನು, ಕಾಣುತ್ತವೆ. ಮೊಟ್ಟೆಯಾಕಾರ, ಮೇಲೆ ಉಬ್ಬಿರುತ್ತವೆ, ಆಮೆ ಬ್ರೂಚ್ ಅಂತಲೂ ಕರೆಯುತ್ತಾರೆ. ಎರಡರ ನಡುವೆ ಗಾಜಿನ ಮಣಿಸರ. ಬ್ರೂಚುಗಳಿಗೆ ಸಿಕ್ಕಿಸಿದ ಪಟ್ಟಿಯಿಂದ ಒಂದು ಉಣ್ಣೆಯ ಉಡುಪು ಇಳಿಬಿದ್ದಿರುತ್ತದೆ, ಒಳಗೆ ನಾರುಬಟ್ಟೆಯ ಉದ್ದನೆ ಅಂಗಿ. ಇಂಥ ಬ್ರೂಚುಗಳು ಗೋರಿಗಳಲ್ಲಿ ಬೇಕಾದಷ್ಟು ಸಿಕ್ಕಿವೆ. ಸ್ಟಾಕ್‌ಹೋಮ್ ಹತ್ತಿರದ ಬಿರ್ಕಾ ದ್ವೀಪದಲ್ಲಿ 19ನೇ ಶತಮಾನದ ಕೊನೆಗೆ ಯಾಲ್ಮಾರ್ ಸ್ಟೋಲ್ಪೆ ಎಂಬವರು ಸುಮಾರು 1,100 ಗೋರಿ ಅಗೆದರು. ಆದರೆ ಆ ಉಡುಪು ಇಡಿಯಾಗಿ ಒಂದೂ ಉಳಿದಿಲ್ಲ. ಹಾಗಾದರೆ ಈ ಹೆಂಗಸರು ಉಟ್ಟಿರುವುದು ಯಾವ ಲೆಕ್ಕದಲ್ಲಿ?

ಉತ್ತರ ಕಿಲುಬಿನಲ್ಲಿದೆ. ಕಂಚು ಮಣ್ಣಿನಲ್ಲಿ ಕಿಲುಬು ಹಿಡಿಯುವಾಗ ತಾಮ್ರದ ಲವಣ ಹೊರಬರುತ್ತದೆ, ಅದು ಬಟ್ಟೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳನ್ನು ಹತ್ತಿರ ಬಿಡುವುದಿಲ್ಲ. ಮೈಮೇಲಿನ ಬಟ್ಟೆಯೆಲ್ಲ ಮಣ್ಣಾಗಿ ಹೋದರೂ ಬ್ರೂಚಿನ ಅಡಿಯಲ್ಲಿ ಸಿಕ್ಕಿಕೊಂಡ ಹೆಬ್ಬೆರಳಗಲದ ತುಂಡು ಉಳಿದುಬಿಡುತ್ತದೆ. ಆ ತುಂಡುಗಳಲ್ಲಿ ಸಣ್ಣ ಸಣ್ಣ ಕುಣಿಕೆಗಳು ಕಂಡವು. ಬ್ರೂಚಿನ ಸೂಜಿ ಆ ಕುಣಿಕೆಯೊಳಗೆ ಹಾದುಹೋಗಿತ್ತು. ಅಂದರೆ ಉಡುಪು ಭುಜದ ಪಟ್ಟಿಯಿಂದ ನೇತಾಡುತ್ತಿತ್ತು. ಅಷ್ಟು ಗಟ್ಟಿ. ಮುಂದಿನದೆಲ್ಲ ಊಹೆ. ಉಡುಪು ಕೊಳವೆಯ ಹಾಗೆ ಸುತ್ತ ಮುಚ್ಚಿತ್ತೋ, ಮುಂದೆ ತೆರೆದಿತ್ತೋ, ಪಕ್ಕದಲ್ಲಿ ಸೀಳಿತ್ತೋ? ಇಂಗಾ ಹ್ಯಾಗ್ ಎಂಬ ಸಂಶೋಧಕಿ ಬಿರ್ಕಾದ ತುಂಡುಗಳನ್ನೂ, ಈಗಿನ ಉತ್ತರ ಜರ್ಮನಿಯಲ್ಲಿರುವ ಹೆಡೆಬಿ ಬಂದರಿನಲ್ಲಿ ಸಿಕ್ಕ ಚಿಂದಿಗಳನ್ನೂ ವರ್ಷಗಟ್ಟಲೆ ಪರೀಕ್ಷಿಸಿದರು. ಹೆಡೆಬಿಯದು ಇನ್ನೂ ತಮಾಷೆ. ಹಳೆ ಬಟ್ಟೆ ಹರಿದು, ಹಡಗಿಗೆ ಟಾರು ಬಳಿಯೋಕೆ ಚಿಂದಿ ಮಾಡಿಕೊಂಡು, ಕೆಲಸ ಮುಗಿದ ಮೇಲೆ ನೀರಿಗೆ ಎಸೆದಿದ್ದರು. ಟಾರು ಮೆತ್ತಿದ ಆ ಚಿಂದಿ ಕೆಸರಿನಲ್ಲಿ ಸಾವಿರ ವರ್ಷ ಉಳಿಯಿತು. ಅದರಲ್ಲೊಂದು ತುಂಡಿನಲ್ಲಿ ಮೈಗೆ ಸರಿಯಾಗಿ ಕೂರಲಿ ಅಂತ ಹಾಕಿದ ಹೊಲಿಗೆ ಇದೆ. ಅಂದರೆ ಗೋಣಿಚೀಲ ತೊಟ್ಟ ಹಾಗೆ ಇರುತ್ತಿರಲಿಲ್ಲ, ಅಳತೆಗೆ ಹೊಲಿಸಿಕೊಳ್ಳುತ್ತಿದ್ದರು.

ಹೀಗೆ ಒಂದು ಚಿಂದಿ, ನಾಲ್ಕು ಕುಣಿಕೆ, ಇಷ್ಟರ ಮೇಲೆ ಒಂದು ಇಡೀ ಉಡುಪು ನಿಂತಿದೆ. ಡೇರೆಯ ಮುಂದೆ ಕೂತು ದಾರ ಪೋಣಿಸುತ್ತಿರುವ ಹೆಂಗಸನ್ನು "ಇದು ಮುಂದೆ ಯಾಕೆ ಮುಚ್ಚಿದೆ?" ಅಂತ ಕೇಳಿ ನೋಡಿ. ಅರ್ಧ ಗಂಟೆ ಬಿಡುವುದಿಲ್ಲ. ಪಕ್ಕದ ಡೇರೆಯವಳು ಬಂದು "ಹಾಗಲ್ಲ" ಅಂತ ಶುರು ಮಾಡಿದರೆ ಇನ್ನರ್ಧ ಗಂಟೆ. ನನ್ನ ಮಟ್ಟಿಗೆ ಮೇಳದಲ್ಲಿ ಇದಕ್ಕಿಂತ ಒಳ್ಳೆಯ ಕಾರ್ಯಕ್ರಮ ಇನ್ನೊಂದಿಲ್ಲ, ಯುದ್ಧ ಇದರ ಮುಂದೆ ಸಪ್ಪೆ.

ಬಣ್ಣದ ವಿಷಯಕ್ಕೂ ಹೀಗೇ. ಸಿನಿಮಾದಲ್ಲಿ ಎಲ್ಲರೂ ಕಪ್ಪು ತೊಗಲಿನ ಉಡುಪು ತೊಟ್ಟು ಬೂದು ಕಂಬಳಿ ಹೊದ್ದಿರುತ್ತಾರೆ. ಮೇಳದಲ್ಲಿ ಕೆಂಪು, ನೀಲಿ, ಹಳದಿ ಕಣ್ಣಿಗೆ ಹೊಡೆಯುತ್ತವೆ. ಇಂಗ್ಲೆಂಡಿನ ಯಾರ್ಕ್ ಊರಿನ ಕಾಪರ್‌ಗೇಟ್ ಬೀದಿಯಲ್ಲಿ 1976ರಿಂದ 1981ರವರೆಗೆ ನಡೆದ ಅಗೆತದಲ್ಲಿ ಬಣ್ಣದ ಗಿಡಗಳ ಉಳಿಕೆಯೇ ಸಿಕ್ಕಿತು. ಕೆಂಪಿಗೆ ಮ್ಯಾಡರ್ ಗಿಡದ ಬೇರು, ನೀಲಿಗೆ ವೋಡ್ ಎಲೆ. ಮ್ಯಾಡರ್ ಅಂದರೆ ನಮ್ಮ ಮಂಜಿಷ್ಠದ ಹತ್ತಿರದ ನೆಂಟ. ಅದೇ ಅಗೆತದಲ್ಲಿ ಒಂದು ಉಣ್ಣೆಯ ಕಾಲುಚೀಲವೂ ಸಿಕ್ಕಿದೆ, ಒಂದೇ ಸೂಜಿಯಲ್ಲಿ ಗಂಟು ಗಂಟಾಗಿ ಹೆಣೆದದ್ದು. ಎರಡು ಕಡ್ಡಿಯಲ್ಲಿ ಸ್ವೆಟರ್ ಹೆಣೆಯುವ ವಿದ್ಯೆ ಅವರಿಗೆ ಗೊತ್ತಿರಲಿಲ್ಲ. ಹಾಗಾಗಿ ಮೇಳದಲ್ಲಿ ಯಾರಾದರೂ ಹೆಣೆದ ಸ್ವೆಟರ್ ಹಾಕಿದ್ದರೆ, ಅವರು ಹೊಸಬರು ಅಥವಾ ತುಂಬ ಚಳಿಯಾಗಿದೆ.

ಡೇರೆಗಳ ಕಡೆ ಒಮ್ಮೆ ಕಣ್ಣು ಹಾಯಿಸಿ. ಎರಡು ಬದಿಗೆ ಕತ್ತರಿ ಹಾಕಿದ ಹಲಗೆ, ಹಲಗೆಯ ತುದಿಯಲ್ಲಿ ಪ್ರಾಣಿಯ ತಲೆ ಕೆತ್ತಿರುತ್ತದೆ. ಇದು ನಾರ್ವೆಯ ಓಸೆಬರ್ಗ್ ಹಡಗಿನ ಗೋರಿಯಿಂದ ಬಂದ ಮಾದರಿ. 834ರಲ್ಲಿ ಇಬ್ಬರು ಹೆಂಗಸರನ್ನು ಹಡಗಿನ ಸಮೇತ ಹೂತಿದ್ದರು, 1904ರಲ್ಲಿ ಅಗೆದರು. ಗಾಡಿ, ಜಾರುಬಂಡಿ, ಮಂಚ, ಅಡುಗೆ ಪಾತ್ರೆ, ಡೇರೆಯ ಚೌಕಟ್ಟು ಎಲ್ಲ ಇತ್ತು. ಹಗಲು ಡೇರೆಯ ಬಾಗಿಲು ತೆರೆದಿಟ್ಟವರ ಮನೆ ನೋಡಬಹುದು, ಕುರಿಯ ತೊಗಲು, ಮರದ ಸಂದೂಕ, ಎಲ್ಲ ಚೆಂದ. ಆ ತೊಗಲಿನ ಕೆಳಗೆ ಸ್ಲೀಪಿಂಗ್ ಬ್ಯಾಗ್ ಇರುತ್ತದೆ, ಸಂದೂಕದೊಳಗೆ ಐಸ್ ಬಾಕ್ಸ್. ಕಣ್ಣಿಗೆ ಕಾಣದಿದ್ದರೆ ಸರಿ ಅನ್ನುವುದು ಬಹಳ ಕಡೆ ಒಪ್ಪಿಕೊಂಡ ನಿಯಮ. ಕೈಗಡಿಯಾರ, ಪ್ಲಾಸ್ಟಿಕ್ ಬಾಟಲಿ, ಸಿಗರೇಟು ಜನರಿರುವ ಹೊತ್ತಿನಲ್ಲಿ ಹೊರಗೆ ಬರಬಾರದು. ಇನ್ನು ಕಾಫಿ. ವೈಕಿಂಗರಿಗೆ ಕಾಫಿ ಗೊತ್ತಿರಲಿಲ್ಲ, ಆದರೆ ಸ್ಕ್ಯಾಂಡಿನೇವಿಯಾದವರನ್ನು ಕಾಫಿ ಬಿಡಿ ಅನ್ನೋಕೆ ಯಾರಿಗೂ ಧೈರ್ಯ ಇಲ್ಲ. ಮಣ್ಣಿನ ಲೋಟದಲ್ಲಿ ಕುಡಿಯುತ್ತಾರೆ.

ಊಟದ ಸಾಮಾನು ನೋಡಿದರೆ ನಮಗೆ ಮೊದಲು ಹೊಳೆಯುವುದು ಏನಿಲ್ಲ ಅನ್ನುವುದು. ಆಲೂಗಡ್ಡೆ, ಟೊಮೆಟೊ, ಮೆಕ್ಕೆಜೋಳ, ಮೆಣಸಿನಕಾಯಿ ಯಾವುದೂ ಇಲ್ಲ, ಎಲ್ಲ ಅಮೆರಿಕದಿಂದ ಆಮೇಲೆ ಬಂದವು. ನಗಬೇಡಿ, ನೃಪತುಂಗನ ಕಾಲದ ಅಡುಗೆ ಮಾಡಲು ಹೊರಟರೆ ನಮಗೂ ಅದೇ ಗತಿ, ಖಾರಕ್ಕೆ ಕಾಳುಮೆಣಸೇ. ಅಲ್ಲಿ ಬಾರ್ಲಿ, ರೈ, ಬಟಾಣಿ, ಈರುಳ್ಳಿ ಜಾತಿಯ ಲೀಕ್, ಕೋಸು, ಸೇಬು, ಹೇಜಲ್ ಬೀಜ, ಬೆಣ್ಣೆ, ಜೇನು. ಜೊತೆಗೆ ಒಣಗಿಸಿದ ಮೀನು, ಉಪ್ಪು ಹಾಕಿದ ಹಂದಿ. ಸಸ್ಯಾಹಾರಿಗಳು ಉಪವಾಸ ಬೀಳಬೇಕಾಗಿಲ್ಲ. ಉದ್ದ ಹಿಡಿಯ ಕಬ್ಬಿಣದ ಹಂಚಿನ ಮೇಲೆ ಬಾರ್ಲಿ ರೊಟ್ಟಿ ಬೇಯುತ್ತಿರುತ್ತದೆ, ಬೆಣ್ಣೆ-ಜೇನು ಹಚ್ಚಿ ಕೊಡುತ್ತಾರೆ. ಬಿರ್ಕಾದ ಗೋರಿಗಳಲ್ಲಿ ಸುಟ್ಟು ಕರಕಲಾದ ಇಂಥ ಪುಟ್ಟ ರೊಟ್ಟಿಗಳೂ ಸಿಕ್ಕಿವೆ. ಒಂದೇ ಎಚ್ಚರಿಕೆ, ಅದೇ ಹಂಚಿನಲ್ಲಿ ಹಂದಿ ಕೊಬ್ಬು ಹಾಕುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಯುದ್ಧ ನೋಡದೆ ಬರೋಕಾಗಲ್ಲ ಅಲ್ವಾ. ಕತ್ತಿಗಳು ನಿಜವಾದ ಉಕ್ಕು, ಅಂಚು ಮಾತ್ರ ಮೊಂಡು, ತುದಿ ದುಂಡು. ಕಣಕ್ಕೆ ಇಳಿಯುವ ಮೊದಲು ಪ್ರತಿ ಆಯುಧದ ಮೇಲೂ ಬೆರಳಾಡಿಸಿ ನೋಡುತ್ತಾರೆ. ಹಿಂದಿನ ದಿನದ ಹೊಡೆತಕ್ಕೆ ಅಂಚಿನಲ್ಲಿ ಚೂಪಾದ ಚಕ್ಕೆ ಎದ್ದಿದ್ದರೆ ಅರದಿಂದ ಉಜ್ಜಿ ಸಮ ಮಾಡಬೇಕು, ಇಲ್ಲದಿದ್ದರೆ ಒಳಗೆ ಬಿಡಲ್ಲ. ಎಲ್ಲಿ ಹೊಡೆಯಬಹುದು ಅನ್ನುವುದು ಗುಂಪಿನಿಂದ ಗುಂಪಿಗೆ ಬೇರೆ. ಬ್ರಿಟನ್ನಿನ ಬಹುತೇಕ ಗುಂಪುಗಳಲ್ಲಿ ತಲೆಗೆ ಹೊಡೆಯುವಂತಿಲ್ಲ, ಹೊಡೆತವನ್ನು ಮೈಗೆ ತಾಗುವ ಮುಂಚೆ ತಡೆದು ಮೆಲ್ಲಗೆ ಮುಟ್ಟಿಸಬೇಕು. ಪೋಲೆಂಡಿನ ಕಡೆ ಏಟು ಗಟ್ಟಿ, ರಕ್ಷಣೆಯೂ ದಪ್ಪ. ಏಟು ಬಿತ್ತಾ ಇಲ್ವಾ ಅಂತ ತೀರ್ಮಾನಿಸುವವನು ಏಟು ತಿಂದವನೇ. ಬಿತ್ತು ಅನ್ನಿಸಿದರೆ ತಾನೇ ಸತ್ತು ಬೀಳಬೇಕು. ಬೀಳದೆ ಹಟ ಹಿಡಿದವನ ಹೆಸರು ಸಂಜೆಯೊಳಗೆ ಎಲ್ಲ ಡೇರೆಗೂ ಗೊತ್ತಾಗಿರುತ್ತದೆ.

ನೋಡುವಾಗ ಕತ್ತಿ ಹಿಡಿದವನನ್ನು ಬಿಟ್ಟು ಅವನ ಹಿಂದಿನ ಸಾಲನ್ನು ನೋಡಿ. ಮುಂದಿನವರು ಗುರಾಣಿಗೆ ಗುರಾಣಿ ತಾಗಿಸಿ ಗೋಡೆ ಕಟ್ಟಿರುತ್ತಾರೆ. ಹಿಂದಿನವರು ಅವರ ಭುಜದ ಮೇಲಿಂದ ಈಟಿ ಚಾಚುತ್ತಾರೆ. ಸಾಯಿಸುವವರು ಹೆಚ್ಚಾಗಿ ಈ ಈಟಿಯವರೇ. ಕತ್ತಿ ಬೀಸಲು ಜಾಗವೇ ಇರುವುದಿಲ್ಲ. ಕತ್ತಿ ಆಗಲೂ ದುಬಾರಿ, ಈಟಿಗೆ ಕಬ್ಬಿಣ ಕಡಿಮೆ ಸಾಕು, ಸಾಮಾನ್ಯನ ಆಯುಧ ಅದೇ. ಒಬ್ಬ ಬಿದ್ದು ಗೋಡೆಯಲ್ಲಿ ಸಂದು ಆಯಿತೋ, ಎಡಬಲದವರ ಪಕ್ಕೆ ತೆರೆದುಕೊಳ್ಳುತ್ತದೆ, ಅರೆ ನಿಮಿಷದಲ್ಲಿ ಸಾಲೇ ಕುಸಿಯುತ್ತದೆ. ಗುರಾಣಿಯ ಅಳತೆಗೂ ಆಧಾರ ಇದೆ. ನಾರ್ವೆಯ ಗೋಕ್‌ಸ್ಟಾಡ್ ಹಡಗಿನಲ್ಲಿ ಒಂದೊಂದು ಬದಿಗೆ 32ರಂತೆ 64 ಗುರಾಣಿ ಇದ್ದವು, ಒಂದು ಹಳದಿ ಒಂದು ಕಪ್ಪು. ಅಡ್ಡಳತೆ ಸುಮಾರು 94 ಸೆಂಟಿಮೀಟರ್.

ಸಾಲಿನಲ್ಲಿ ಹೆಂಗಸರೂ ಇರುತ್ತಾರೆ. ಬಿರ್ಕಾದಲ್ಲಿ 1878ರಲ್ಲಿ ಅಗೆದ ಒಂದು ಗೋರಿಯಲ್ಲಿ ಕತ್ತಿ, ಕೊಡಲಿ, ಬಾಣ, ಎರಡು ಕುದುರೆ ಎಲ್ಲ ಇದ್ದದ್ದಕ್ಕೆ ಗಂಡಸು ಅಂತಲೇ ಬರೆದಿಟ್ಟಿದ್ದರು. 2017ರಲ್ಲಿ ಡಿಎನ್ಎ ನೋಡಿದರೆ ಅದು ಹೆಂಗಸಿನ ಮೂಳೆ. ಆಕೆ ನಿಜವಾಗಿ ಯುದ್ಧ ಮಾಡಿದವಳೇ ಅನ್ನುವುದರ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ನಮ್ಮಂಥವರು ಇದರಲ್ಲಿ ಸೇರಿಕೊಳ್ಳಬಹುದಾ, ಮೈಬಣ್ಣ ನೋಡಿ ಯಾರಾದರೂ ಏನಾದರೂ ಅಂದರೆ ಅಂತ ಅನುಮಾನ ಇರುವವರಿಗೆ: 2020ರಲ್ಲಿ 442 ಅಸ್ಥಿಪಂಜರಗಳ ಡಿಎನ್ಎ ಅಧ್ಯಯನ ಪ್ರಕಟವಾಯಿತು. ವೈಕಿಂಗ್ ಗೋರಿಗಳಲ್ಲಿ ಮಲಗಿದ್ದವರ ರಕ್ತದಲ್ಲಿ ದಕ್ಷಿಣ ಯುರೋಪು, ಏಷ್ಯಾ ಎಲ್ಲ ಬೆರೆತಿತ್ತು. ಅವರು ಅರಬ್ ಬೆಳ್ಳಿ ನಾಣ್ಯಕ್ಕಾಗಿ ವೋಲ್ಗಾ ನದಿಯವರೆಗೆ ಹೋದವರು. ಮೇಳದ ಅಂಗಡಿ ಸಾಲಿನಲ್ಲಿ ಮಡಚುವ ಪುಟ್ಟ ತಕ್ಕಡಿ ಮಾರುತ್ತಾರಲ್ಲ, ಅದು ಈ ಬೆಳ್ಳಿಯನ್ನು ಕತ್ತರಿಸಿ ತೂಗುವುದಕ್ಕೆ. ಸ್ವೀಡನ್ನಿನ ಗೋಟ್ಲಾಂಡ್ ದ್ವೀಪದಲ್ಲಿ 1999ರಲ್ಲಿ ಸಿಕ್ಕ ಸ್ಪಿಲ್ಲಿಂಗ್ಸ್ ನಿಧಿಯಲ್ಲಿ ಇಂಥ 14,000ಕ್ಕೂ ಹೆಚ್ಚು ನಾಣ್ಯಗಳಿದ್ದವು.

ಅದೇ ದಾರಿಗಳಲ್ಲಿ ನಮ್ಮ ಕಡೆಯ ವಸ್ತುವೂ ಹೋಗಿದೆ. ಸ್ವೀಡನ್ನಿನ ಹೆಲ್ಗೋ ದ್ವೀಪದಲ್ಲಿ 1956ರಲ್ಲಿ ಒಂದು ಕಂಚಿನ ಬುದ್ಧ ಸಿಕ್ಕಿದ, ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ. ಭಾರತ ಉಪಖಂಡದ ವಾಯವ್ಯ ಮೂಲೆಯಲ್ಲಿ ಮಾಡಿದ್ದು ಅಂತ ವಿದ್ವಾಂಸರ ಅಭಿಪ್ರಾಯ. ಓಸೆಬರ್ಗ್ ಹಡಗಿನಲ್ಲಿ ಇನ್ನೊಬ್ಬ ಬುದ್ಧ ಇದ್ದಾನೆ, ಆದರೆ ಅವನು ನಿಜವಾದ ಬುದ್ಧನಲ್ಲ. ಬಕೆಟ್ಟಿನ ಹಿಡಿಗೆ ಕೂರಿಸಿದ ಹಿತ್ತಾಳೆ ಗೊಂಬೆ, ಚಕ್ಕಂಬಕ್ಕಳ ಹಾಕಿ ಕಣ್ಣು ಮುಚ್ಚಿದ್ದಾನೆ, ಎದೆ ಮೇಲೆ ಸ್ವಸ್ತಿಕ. ಐರ್ಲೆಂಡ್ ಕಡೆಯ ಕೆಲಸ ಇರಬೇಕು ಅನ್ನುತ್ತಾರೆ.

ಸ್ವಸ್ತಿಕ ಅಂದ ಮೇಲೆ ಒಂದು ಮಾತು. ಅವರ ಕಾಲದಲ್ಲಿ ಅದು ಇತ್ತು ಅನ್ನುವುದಕ್ಕೆ ಆಧಾರ ಇದ್ದರೂ ಮೇಳದಲ್ಲಿ ಅದನ್ನು ತೋರಿಸುವವರು ಕಮ್ಮಿ. ನಾಜಿಗಳು ಆ ಚಿಹ್ನೆಯನ್ನೂ ಕೆಲವು ರೂನ್‌ಗಳನ್ನೂ ಎತ್ತಿಕೊಂಡು ಹೋದರು, ಇವತ್ತಿಗೂ ಜನಾಂಗದ್ವೇಷಿಗಳು ವೈಕಿಂಗ್ ಹೆಸರು ಹೇಳಿಕೊಂಡು ಬರುತ್ತಾರೆ. ಮೇಳ ನಡೆಸುವವರಿಗೆ ಇದೊಂದು ದೊಡ್ಡ ತಲೆನೋವು, ಅಂಥ ಗುರುತು ಕಂಡರೆ ಹೊರಗೆ ಕಳಿಸುವ ಕಡೆಗಳೂ ಇವೆ. ನಿಮ್ಮ ಕೊರಳಲ್ಲಿ ಸ್ವಸ್ತಿಕದ ಪದಕ ಇದ್ದರೆ, ನಮಗೆ ಅದು ಎಷ್ಟೇ ಮಂಗಳವಾದರೂ, ಅವತ್ತು ಅಂಗಿಯ ಒಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಜರ್ಮನಿಯಲ್ಲಂತೂ ನಾಜಿ ಚಿಹ್ನೆಗಳ ಮೇಲೆ ಕಾನೂನಿನ ನಿಷೇಧವೇ ಇದೆ.

ಮೇಳದ ಬಗ್ಗೆ ನನಗಿರುವ ದೊಡ್ಡ ತಕರಾರು ಬೇರೆ. ಎಲ್ಲರೂ ಯೋಧರು, ವ್ಯಾಪಾರಿಗಳು, ಕುಶಲಕರ್ಮಿಗಳು. ಗುಲಾಮರು ಎಲ್ಲಿ? ವೈಕಿಂಗರ ವ್ಯಾಪಾರದಲ್ಲಿ ಮನುಷ್ಯರ ಮಾರಾಟ ದೊಡ್ಡ ಪಾಲು. ಬೆಳ್ಳಿಯ ಲೆಕ್ಕ ಕೊಟ್ಟವರು ಆ ಬೆಳ್ಳಿಗೆ ಏನು ಮಾರಿದರು ಅನ್ನುವುದನ್ನೂ ಹೇಳಬೇಕಲ್ಲ. ಕೆಲವು ಗುಂಪುಗಳು ಪ್ರಯತ್ನಪಟ್ಟು ತೋರಿಸುತ್ತವೆ. ಹೆಚ್ಚಿನವರು, ಭಾನುವಾರ ಮಕ್ಕಳನ್ನು ಕರೆದುಕೊಂಡು ಬಂದವರ ಮುಂದೆ ಇದೆಲ್ಲ ಯಾಕೆ ಅಂತ ಬಿಟ್ಟುಬಿಡುತ್ತಾರೆ. "ಎಲ್ಲಿ ಸಿಕ್ಕಿದ್ದು" ಅಂತ ಬಕಲ್ಲಿಗೆ ಇಷ್ಟು ಕಟ್ಟುನಿಟ್ಟಾಗಿರುವವರು ಇದರಲ್ಲಿ ಮಾತ್ರ ಸಡಿಲವಾಗುವುದು ನನಗೆ ಸರಿ ಕಾಣುವುದಿಲ್ಲ.

ಡೆನ್ಮಾರ್ಕಿಗೇ ಹೋಗಬೇಕು ಅಂತಿಲ್ಲ. ಯಾರ್ಕ್‌ನಲ್ಲಿ ಫೆಬ್ರವರಿ ತಿಂಗಳಲ್ಲಿ ಯೋರ್ವಿಕ್ ಉತ್ಸವ ಇದೆ, ಚಳಿಗೆ ಸಿದ್ಧವಾಗಿ ಹೋಗಿ. ಪೋಲೆಂಡಿನ ವೋಲಿನ್‌ನಲ್ಲಿ ಆಗಸ್ಟ್ ಮೊದಲಿಗೆ ಸ್ಲಾವ್ ಮತ್ತು ವೈಕಿಂಗ್ ಮೇಳ, ದೊಡ್ಡ ಯುದ್ಧ ನೋಡಬೇಕೆನ್ನುವವರಿಗೆ ಅದೇ ಸರಿ. ಡೆನ್ಮಾರ್ಕಿನ ರೀಬೆ, ಸ್ವೀಡನ್ನಿನ ಫೋಟೆವಿಕೆನ್‌ನಲ್ಲಿ ಕಟ್ಟಿದ ಮನೆಗಳೇ ಇರುವುದರಿಂದ ಬೇಸಿಗೆಯಲ್ಲಿ ಯಾವಾಗ ಹೋದರೂ ಏನಾದರೂ ಸಿಗುತ್ತದೆ. ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪದ ಲರ್ವಿಕ್‌ನಲ್ಲಿ ಜನವರಿಯ ಕೊನೆಯ ಮಂಗಳವಾರ ಪಂಜು ಹಿಡಿದು ಹಡಗು ಸುಡುತ್ತಾರಲ್ಲ, ಅದು ಬೇರೆಯದೇ ಹಬ್ಬ, 19ನೇ ಶತಮಾನದಲ್ಲಿ ರೂಪುಗೊಂಡದ್ದು. ಅಲ್ಲಿ ಹೋಗಿ "ಈ ಬಟ್ಟೆ ಯಾವ ಗೋರಿಯದು" ಅಂತ ಕೇಳಬೇಡಿ.

ನೋಡಿ ಬಂದ ಮೇಲೆ ಸೇರಿಕೊಳ್ಳುವ ಆಸೆಯಾದರೆ ಮೊದಲ ದಿನವೇ ಕತ್ತಿ ಕೊಳ್ಳಬೇಡಿ, ಹೆಚ್ಚಿನ ಹೊಸಬರು ದುಡ್ಡು ಕಳೆದುಕೊಳ್ಳುವುದು ಅಲ್ಲೇ. ಹತ್ತಿರದ ಗುಂಪು ಹುಡುಕಿ. ಬ್ರಿಟನ್ನಿನಲ್ಲಾದರೆ 1971ರಿಂದ ಇರುವ ದಿ ವೈಕಿಂಗ್ಸ್, 1986ರಿಂದ ಇರುವ ರೇಜಿಯಾ ಆಂಗ್ಲೋರಮ್ ದೊಡ್ಡ ಸಂಘಗಳು, ಊರೂರಿಗೆ ಅವರ ಶಾಖೆ ಇದೆ. ಮೊದಲ ಒಂದೆರಡು ಮೇಳಕ್ಕೆ ಬಟ್ಟೆ ಎರವಲು ಸಿಗುತ್ತದೆ. ಸ್ವಂತಕ್ಕೆ ಮಾಡಿಕೊಳ್ಳುವಾಗ ಉಣ್ಣೆಯ ಅಂಗಿ, ಪೈಜಾಮ, ಚರ್ಮದ ಬೆಲ್ಟು, ಮರದ ಬಟ್ಟಲು, ಚಮಚ, ಇಷ್ಟು ಸಾಕು. ಒಳಗಿನ ಹೊಲಿಗೆ ಮೆಷಿನ್ನಿನಲ್ಲಿ ಹಾಕಿದರೂ ಬಹಳ ಕಡೆ ಸುಮ್ನಿರುತ್ತಾರೆ, ಹೊರಗೆ ಕಾಣುವ ಹೊಲಿಗೆ ಕೈಯದೇ ಆಗಬೇಕು. ಚಪ್ಪಲಿಗೆ ಮಾತ್ರ ಜಿಪುಣತನ ಬೇಡ. ಒಳಮೈ ಹೊರಗೆ ಮಾಡಿ ಹೊಲಿದು ಆಮೇಲೆ ತಿರುವಿದ ಚರ್ಮದ ಬೂಟಿಗೆ ಅಟ್ಟೆ ತೀರಾ ತೆಳು, ಒದ್ದೆ ಹುಲ್ಲಿನ ಮೇಲೆ ಜಾರುತ್ತದೆ. ಅದಕ್ಕೇ ಹೋರಾಡುವವರಲ್ಲಿ ಎಷ್ಟೋ ಜನ ಅಡಿಗೆ ತೆಳ್ಳನೆ ರಬ್ಬರು ಅಂಟಿಸಿಕೊಂಡಿರುತ್ತಾರೆ, ಮೇಳದವರೂ ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಾರೆ.